ಇಂಗ್ಲಿಷಿನ ಸಂಯೋಜಿತ ಮತ್ತು ಮಿಶ್ರ ವಾಕ್ಯಗಳು: ಒಂದು ವಿಂಗಡಣೆಯ ಚರಿತ್ರೆ

1. ಪೀಠಿಕೆ

ಇಂಗ್ಲಿಷ್ ವಾಕ್ಯಗಳು ರಚನೆಯ ದೃಷ್ಟಿಯಿಂದ ಮೂರು ಬಗೆ: ಸರಳ, ಸಂಯೋಜಿತ ಮತ್ತು ಮಿಶ್ರ. ನಮ್ಮ ಪ್ರೌಢಶಾಲೆಗಳಲ್ಲಿ ಓದಿದವರೆಲ್ಲರೂ ಒಂದಲ್ಲ ಒಂದು ತರಗತಿಯಲ್ಲಿ ಈ ಪಾಠವನ್ನು ಕೇಳಿರುತ್ತಾರೆ. ಪಠ್ಯಪುಸ್ತಕಗಳು ಇದನ್ನು ನಿರೂಪಿಸುವ ಧಾಟಿಯನ್ನು ನೋಡಿದರೆ, ಈ ಮೂರು ಬಗೆಗಳು ಇಂಗ್ಲಿಷ್ ಭಾಷೆಯೊಡನೆಯೇ ಹುಟ್ಟಿದವು, ವ್ಯಾಕರಣಕಾರರು ಅವುಗಳಿಗೆ ಹೆಸರಿಟ್ಟರು ಅಷ್ಟೆ ಎಂಬ ಭಾವನೆ ಮೂಡುತ್ತದೆ. ಆದರೆ ವಸ್ತುಸ್ಥಿತಿ ಬೇರೆಯಾಗಿದೆ.

ಒಂದು ಉದಾಹರಣೆಯನ್ನು ನೋಡೋಣ. "ಇಫ್ ಇಟ್ ರೇನ್ಸ್, ವಿ ಶಲ್ ಸ್ಟೇ ಅಟ್ ಹೋಮ್" (ಮಳೆ ಬಂದರೆ ನಾವು ಮನೆಯಲ್ಲಿಯೇ ಇರುತ್ತೇವೆ). ಇದು ಯಾವ ಬಗೆಯ ವಾಕ್ಯ ಎಂದು ಇಂದಿನ ವಿದ್ಯಾರ್ಥಿಯನ್ನು ಕೇಳಿದರೆ ಅವನು 'ಕಾಂಪ್ಲೆಕ್ಸ್', ಎಂದರೆ ಮಿಶ್ರವಾಕ್ಯ, ಎನ್ನುತ್ತಾನೆ. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರೆಯ ವ್ಯಾಕರಣವನ್ನು ಓದಿದ ವಿದ್ಯಾರ್ಥಿ 'ಕಾಂಪೌಂಡ್', ಎಂದರೆ ಸಂಯೋಜಿತ ವಾಕ್ಯ, ಎನ್ನುತ್ತಿದ್ದನು. ಇಬ್ಬರೂ ತಮ್ಮ ತಮ್ಮ ಪುಸ್ತಕದ ಪ್ರಕಾರ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ. ವಾಕ್ಯವಾದರೋ ಅಕ್ಷರವೂ ಬದಲಾಗದೆ ಹಾಗೆಯೇ ಇದೆ. ಬದಲಾದದ್ದು ವಾಕ್ಯದ ಮುಂದೆ ನಾವು ಇಡುವ ಪ್ರಶ್ನೆ.

ಆ ಪ್ರಶ್ನೆ ಯಾವಾಗ, ಏಕೆ ಬದಲಾಯಿತು ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ. ಇದು ಕೇವಲ ಪಾರಿಭಾಷಿಕ ಪದಗಳ ಚರಿತ್ರೆಯಲ್ಲ. ಈ ವಿಂಗಡಣೆಯನ್ನು ಕನ್ನಡ ವ್ಯಾಕರಣವೂ ತನ್ನದಾಗಿಸಿಕೊಂಡಿದೆ; ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ಇಂಗ್ಲಿಷ್ ವಾಕ್ಯಗಳನ್ನು ಜೋಡಿಸುವಾಗ ಎಡವುವ ಕೆಲವು ಕಡೆಗಳಿಗೂ ಈ ಚರಿತ್ರೆಗೂ ನೇರವಾದ ಸಂಬಂಧವಿದೆ ಎಂಬುದು ನಮ್ಮ ವಾದ.

2. ವಾಗ್ಮಿಗಳ ವಾಕ್ಯ, ತಾರ್ಕಿಕರ ವಾಕ್ಯ

ಐರೋಪ್ಯ ಪರಂಪರೆಯಲ್ಲಿ ದೊಡ್ಡ ವಾಕ್ಯವನ್ನು ಮೊದಲು ವಿಚಾರಿಸಿದವರು ವ್ಯಾಕರಣಕಾರರಲ್ಲ. ಒಂದು ಕಡೆ ವಾಗ್ಮಿತೆಯನ್ನು ಕಲಿಸುತ್ತಿದ್ದವರು, ಇನ್ನೊಂದು ಕಡೆ ತರ್ಕಶಾಸ್ತ್ರಜ್ಞರು ಈ ಕೆಲಸವನ್ನು ಕೈಗೆತ್ತಿಕೊಂಡರು. ಅರಿಸ್ಟಾಟಲನು ತನ್ನ 'ರೆಟರಿಕ್' ಗ್ರಂಥದ ಮೂರನೆಯ ಭಾಗದಲ್ಲಿ ಎರಡು ಶೈಲಿಗಳನ್ನು ಬೇರ್ಪಡಿಸುತ್ತಾನೆ. ಒಂದರಲ್ಲಿ ಮಾತುಗಳು ದಾರದಲ್ಲಿ ಪೋಣಿಸಿದಂತೆ ಒಂದರ ಹಿಂದೆ ಒಂದು ಬರುತ್ತವೆ. ಇನ್ನೊಂದರಲ್ಲಿ ಮಾತು ಸುತ್ತಿ ಬಂದು ತನ್ನಲ್ಲಿಯೇ ಪೂರ್ಣಗೊಳ್ಳುತ್ತದೆ. ಎರಡನೆಯದನ್ನು ಗ್ರೀಕರು 'ಪೀರಿಯಡ್' ಎಂದು ಕರೆದರು. ಅದರ ದೊಡ್ಡ ತುಂಡು 'ಕೋಲನ್', ಸಣ್ಣ ತುಂಡು 'ಕಾಮಾ'. ಇಂದು ಲೇಖನಚಿಹ್ನೆಗಳ ಹೆಸರಾಗಿ ಉಳಿದಿರುವ ಈ ಪದಗಳು ಮೂಲತಃ ವಾಕ್ಯಭಾಗಗಳ ಹೆಸರುಗಳು. ಉಪವಾಕ್ಯವನ್ನು ಸೂಚಿಸುವ 'ಕ್ಲಾಸ್' ಎಂಬ ಇಂಗ್ಲಿಷ್ ಪದದ ಹಿಂದೆ ಇರುವುದೂ ವಾಗ್ಮಿಯ ಮಾತಿನ ಮುಕ್ತಾಯವನ್ನು ಹೇಳುವ ಲ್ಯಾಟಿನ್ ಪದವೇ. ವಾಗ್ಮಿತೆಯ ಪರಂಪರೆಗೆ ಮುಖ್ಯವಾದದ್ದು ಉಸಿರು, ಲಯ ಮತ್ತು ಕೇಳುಗನ ಮೇಲಾಗುವ ಪರಿಣಾಮ. ಯಾವ ಉಪವಾಕ್ಯ ಯಾವುದಕ್ಕೆ ಅಧೀನ ಎಂಬ ಪ್ರಶ್ನೆ ಅದರದಲ್ಲ.

ತರ್ಕಶಾಸ್ತ್ರದ ದಾರಿ ಬೇರೆ. ಒಂದೇ ತೀರ್ಮಾನವನ್ನು ಹೇಳುವ ಮಾತಿಗೂ ಹಲವು ತೀರ್ಮಾನಗಳನ್ನು ಕೂಡಿಸಿ ಹೇಳುವ ಮಾತಿಗೂ ಇರುವ ಭೇದವನ್ನು ಸ್ಟೋಯಿಕ್ ಪಂಥದ ಚಿಂತಕರು ಗುರುತಿಸಿದ್ದರು. 'ಮತ್ತು', 'ಅಥವಾ', 'ಆದರೆ ಆಗ' ಎಂಬ ಅರ್ಥದ ಪದಗಳಿಂದ ಜೋಡಣೆಯಾದವೆಲ್ಲವೂ ಅವರ ದೃಷ್ಟಿಯಲ್ಲಿ ಸರಳವಲ್ಲದ ಹೇಳಿಕೆಗಳು. ಷರತ್ತಿನ ಮಾತು, ವಿಕಲ್ಪದ ಮಾತು, ಸಮುಚ್ಚಯದ ಮಾತು ಇವು ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತವು.

ಈ ಎಳೆ ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಸ್ಪಷ್ಟವಾದ ರೂಪವನ್ನು ಪಡೆಯಿತು. 1660ರಲ್ಲಿ ಆಂಟ್ವಾನ್ ಆರ್ನೊ ಮತ್ತು ಕ್ಲೋಡ್ ಲಾನ್ಸೆಲೊ ಅವರ ಪೋರ್ಟ್ ರಾಯಲ್ ವ್ಯಾಕರಣವೂ 1662ರಲ್ಲಿ ಆರ್ನೊ ಮತ್ತು ಪಿಯರ್ ನಿಕೋಲ್ ಅವರ ಪೋರ್ಟ್ ರಾಯಲ್ ತರ್ಕವೂ ಪ್ರಕಟವಾದವು. ಅಗೋಚರನಾದ ದೇವರು ಗೋಚರವಾದ ಜಗತ್ತನ್ನು ಸೃಷ್ಟಿಸಿದನು ಎಂಬ ಅರ್ಥದ ಒಂದು ಪುಟ್ಟ ವಾಕ್ಯವನ್ನು ಅವರ ವ್ಯಾಕರಣ ತೆಗೆದುಕೊಂಡು, ಅದರಲ್ಲಿ ಮೂರು ತೀರ್ಮಾನಗಳು ಅಡಗಿವೆ ಎಂದು ತೋರಿಸುತ್ತದೆ: ದೇವರು ಅಗೋಚರ, ಜಗತ್ತು ಗೋಚರ, ಆತನು ಇದನ್ನು ಸೃಷ್ಟಿಸಿದನು. ಕೊನೆಯದು ಪ್ರಧಾನ, ಉಳಿದೆರಡು ಪ್ರಾಸಂಗಿಕ. ಅವರ ತರ್ಕಗ್ರಂಥವು ಇನ್ನೂ ಮುಂದೆ ಹೋಗಿ 'ಕಾಂಪ್ಲೆಕ್ಸ್' ಮತ್ತು 'ಕಾಂಪೌಂಡ್' ಎಂಬ ಎರಡು ಹೆಸರುಗಳನ್ನು ಬೇರೆಬೇರೆಯಾಗಿ ಬಳಸಿತು. ಕರ್ತೃಪದವೋ ವಿಧೇಯವೋ ತನ್ನೊಳಗೆ ಇನ್ನೊಂದು ಪ್ರಾಸಂಗಿಕ ಹೇಳಿಕೆಯನ್ನು ಅಡಗಿಸಿಕೊಂಡಿದ್ದರೆ ಅದು ಮೊದಲನೆಯ ಬಗೆ. ಎರಡು ಹೇಳಿಕೆಗಳು ಒಂದು ಸಂಯೋಜಕದಿಂದ ಸೇರಿದ್ದರೆ ಎರಡನೆಯ ಬಗೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಷರತ್ತಿನ ಮತ್ತು ಕಾರಣದ ಹೇಳಿಕೆಗಳನ್ನು ಪೋರ್ಟ್ ರಾಯಲ್ ತರ್ಕ ಇರಿಸಿದ್ದು ಎರಡನೆಯ ಬಗೆಯಲ್ಲಿ. ಇಂದಿನ ಶಾಲಾವ್ಯಾಕರಣ ಅವೆರಡನ್ನೂ ಇರಿಸುವುದು ಮಿಶ್ರವಾಕ್ಯಗಳಲ್ಲಿ. ಹೆಸರುಗಳು ಹಳೆಯವೇ ಆದರೂ ಗಡಿ ಮಾತ್ರ ಸರಿದಿದೆ.

3. ಲೌತ್ ಮತ್ತು ಮರೆ: ಎರಡೇ ಬಗೆಗಳ ಕಾಲ

ಹದಿನೆಂಟನೆಯ ಶತಮಾನದ ಇಂಗ್ಲಿಷ್ ವ್ಯಾಕರಣಗಳು ಈ ಸೂಕ್ಷ್ಮವನ್ನು ತಮ್ಮೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ಕಿರುವ್ಯಾಕರಣವು ವಾಕ್ಯಗಳನ್ನು ಎರಡೇ ಬಗೆಯಾಗಿ ವಿಂಗಡಿಸಿತು: ಸರಳ ಮತ್ತು ಸಂಯೋಜಿತ. ಅಮೆರಿಕದಲ್ಲಿ ಹುಟ್ಟಿ, ವಕೀಲಿ ವೃತ್ತಿಯನ್ನು ಬಿಟ್ಟು ಇಂಗ್ಲೆಂಡಿನ ಯಾರ್ಕ್ ನಗರದ ಬಳಿ ನೆಲೆಸಿದ್ದ ಲಿಂಡ್ಲೆ ಮರೆ, ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರ ಅಗತ್ಯಕ್ಕಾಗಿ 1795ರಲ್ಲಿ ತನ್ನ ವ್ಯಾಕರಣವನ್ನು ಹೊರತಂದನು. ಅದರಲ್ಲಿಯೂ ಎರಡೇ ಬಗೆ. ಒಂದು ಕರ್ತೃ ಮತ್ತು ಒಂದು ಪೂರ್ಣಕ್ರಿಯಾಪದ ಇದ್ದರೆ ಸರಳ. ಎರಡು ಅಥವಾ ಹೆಚ್ಚು ಸರಳವಾಕ್ಯಗಳು ಸಂಯೋಜಕಗಳಿಂದ ಕೂಡಿದ್ದರೆ ಸಂಯೋಜಿತ. ಪೂರ್ಣಕ್ರಿಯಾಪದವೆಂದರೆ ಕಾಲ ಪುರುಷಗಳಿಗೆ ಬದ್ಧವಾಗಿ, ತಾನೇ ವಾಕ್ಯವನ್ನು ಮುಗಿಸಬಲ್ಲ ಕ್ರಿಯಾರೂಪ. ಮರೆಯ ಪುಸ್ತಕ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಎಣಿಕೆಗೆ ಸಿಕ್ಕದಷ್ಟು ಸಲ ಮುದ್ರಣಗೊಂಡಿತು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷ್ ಕಲಿತವರಿಗೆ ವಾಕ್ಯಗಳು ಎರಡೇ ಬಗೆಯಾಗಿದ್ದವು.

ಎರಡೇ ಬಗೆಗಳು ಅವರಿಗೆ ಏಕೆ ಸಾಕಾದವು? ಆ ಕಾಲದ ವ್ಯಾಕರಣಪಾಠದ ಸ್ವರೂಪದಲ್ಲಿ ಇದಕ್ಕೆ ಉತ್ತರವಿದೆ. ಅಂದಿನ ಮುಖ್ಯ ಅಭ್ಯಾಸ ಪದಚ್ಛೇದ. ವಾಕ್ಯದ ಒಂದೊಂದು ಪದವನ್ನೂ ಎತ್ತಿಕೊಂಡು ಅದರ ಜಾತಿ, ಲಿಂಗ, ವಚನ, ವಿಭಕ್ತಿ, ಕಾಲಗಳನ್ನು ಹೇಳುವುದು ಲ್ಯಾಟಿನ್ ಕಲಿಕೆಯಿಂದ ಬಂದ ಕ್ರಮ. ವಾಕ್ಯರಚನೆಯ ಅಧ್ಯಾಯವೆಂದರೆ ಕರ್ತೃ ಕ್ರಿಯಾಪದಗಳ ಅನ್ವಯ ಮತ್ತು ಒಂದು ಪದ ಇನ್ನೊಂದರ ವಿಭಕ್ತಿಯನ್ನು ನಿರ್ಧರಿಸುವ ನಿಯಮಗಳು, ಅಷ್ಟೆ. ಉಪವಾಕ್ಯವನ್ನು ಇಡಿಯಾಗಿ ಹಿಡಿದು ಅದಕ್ಕೊಂದು ಕೆಲಸವನ್ನು ಗೊತ್ತುಮಾಡುವ ಅಗತ್ಯ ಇಲ್ಲಿ ಬೀಳುತ್ತಿರಲಿಲ್ಲ. ಸರಳ ಸಂಯೋಜಿತ ಭೇದದಿಂದ ಮರೆ ಪಡೆದ ಒಂದು ದೊಡ್ಡ ಪ್ರಯೋಜನ ಅಲ್ಪವಿರಾಮವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ತಿಳಿಸುವುದು. ಅದಕ್ಕೆ ಎರಡು ಬಗೆಗಳೇ ಸಾಕಷ್ಟಾಗಿದ್ದವು.

4. ಬೆಕರ್‌ನಿಂದ ಮೊರೆಲ್‌ಗೆ: ಮೂರನೆಯ ಬಗೆಯ ಪ್ರವೇಶ

ಬದಲಾವಣೆಯ ಗಾಳಿ ಬೀಸಿದ್ದು ಜರ್ಮನಿಯಿಂದ. ವೈದ್ಯನಾಗಿದ್ದು, ಆಮೇಲೆ ಆಫನ್‌ಬಾಕ್ ಎಂಬಲ್ಲಿ ಶಾಲೆಯನ್ನು ನಡೆಸಿದ ಕಾರ್ಲ್ ಫರ್ಡಿನೆಂಡ್ ಬೆಕರ್ (1775–1849) ಭಾಷೆಯನ್ನು ಒಂದು ಜೀವಂತ ದೇಹದಂತೆ ಕಂಡನು. ದೇಹದಲ್ಲಿ ಅಂಗಗಳು ಕೇವಲ ಒಂದರ ಪಕ್ಕ ಒಂದು ಇರುವುದಿಲ್ಲ. ಪ್ರತಿಯೊಂದಕ್ಕೂ ಇಡಿಯೊಳಗೆ ಒಂದು ಕೆಲಸವಿರುತ್ತದೆ. 1827ರಲ್ಲಿ ಬಂದ ಅವನ ಭಾಷಾಸಿದ್ಧಾಂತದ ಗ್ರಂಥವೂ 1831ರ ಶಾಲಾವ್ಯಾಕರಣವೂ ಈ ತತ್ತ್ವವನ್ನು ವಾಕ್ಯಕ್ಕೆ ಅನ್ವಯಿಸಿದವು. ಅಧೀನ ಉಪವಾಕ್ಯವೆಂದರೆ ವಿಸ್ತಾರಗೊಂಡ ಒಂದು ಪದ ಎಂಬುದು ಬೆಕರನ ಮುಖ್ಯ ಕಾಣಿಕೆ. ನಾಮಪದ ನಿಲ್ಲುವ ಕಡೆ ನಿಂತರೆ ಅದು ನಾಮ ಉಪವಾಕ್ಯ, ವಿಶೇಷಣದ ಕಡೆ ನಿಂತರೆ ವಿಶೇಷಣ ಉಪವಾಕ್ಯ, ಕ್ರಿಯಾವಿಶೇಷಣದ ಕಡೆ ನಿಂತರೆ ಕ್ರಿಯಾವಿಶೇಷಣ ಉಪವಾಕ್ಯ.

ಇದರೊಡನೆ ಪ್ರಶ್ನೆಯೇ ಬದಲಾಯಿತು. ಮರೆ ಕೇಳಿದ್ದು, ಈ ವಾಕ್ಯದಲ್ಲಿ ಎಷ್ಟು ಪೂರ್ಣಕ್ರಿಯಾಪದಗಳಿವೆ ಎಂದು. ಬೆಕರನ ಹಿಂಬಾಲಕರು ಕೇಳಿದ್ದು, ಇಲ್ಲಿರುವ ಉಪವಾಕ್ಯಗಳು ಒಂದರ ಪಕ್ಕದಲ್ಲಿ ಒಂದು ಇವೆಯೋ, ಒಂದರ ಒಳಗೆ ಒಂದು ಇವೆಯೋ ಎಂದು. ಮೊದಲನೆಯದು ಎಣಿಕೆಯ ಪ್ರಶ್ನೆ, ಎರಡನೆಯದು ಸ್ಥಾನದ ಪ್ರಶ್ನೆ. "ಇಫ್ ಇಟ್ ರೇನ್ಸ್" ಎಂಬ ಭಾಗ ಎಣಿಕೆಯಲ್ಲಿ ಇನ್ನೊಂದು ಸರಳವಾಕ್ಯದಂತೆ ತೋರಿದರೂ, ಸ್ಥಾನದಲ್ಲಿ ಕ್ರಿಯಾವಿಶೇಷಣದ ಜಾಗದಲ್ಲಿ ಕುಳಿತಿದೆ. ಹಾಗಾಗಿ ಅದು ಸಂಯೋಜಿತ ವಾಕ್ಯದ ಮನೆಯನ್ನು ಬಿಟ್ಟು ಹೊಸ ಮನೆಗೆ ಹೋಗಬೇಕಾಯಿತು. ಆ ಹೊಸ ಮನೆಯೇ 'ಕಾಂಪ್ಲೆಕ್ಸ್ ಸೆಂಟೆನ್ಸ್'.

ಈ ವಿಶ್ಲೇಷಣೆಯನ್ನು ಇಂಗ್ಲೆಂಡಿನ ಶಾಲೆಗಳಿಗೆ ತಂದವರಲ್ಲಿ ಪ್ರಮುಖನು ಸರಕಾರಿ ಶಾಲಾ ಪರೀಕ್ಷಕನಾಗಿದ್ದ ಜಾನ್ ಡೇನಿಯಲ್ ಮೊರೆಲ್. 1852ರಲ್ಲಿ ಪ್ರಕಟವಾದ ಅವನ ವಾಕ್ಯವಿಶ್ಲೇಷಣೆಯ ಪುಸ್ತಕ ಬೆಕರನ ಪದ್ಧತಿಯನ್ನು ಇಂಗ್ಲಿಷಿಗೆ ಹೊಂದಿಸಿತು. ವಾಕ್ಯವನ್ನು ಉಪವಾಕ್ಯಗಳಾಗಿ ಬಿಡಿಸಿ, ಪ್ರತಿಯೊಂದರ ಬಗೆಯನ್ನೂ ಅದರ ಸಂಬಂಧವನ್ನೂ ಕೋಷ್ಟಕದ ಅಂಕಣಗಳಲ್ಲಿ ತುಂಬುವ ಅಭ್ಯಾಸ ಹೀಗೆ ಬೇರೂರಿತು. ಪರೀಕ್ಷಕರಿಗೂ ಇದು ಅನುಕೂಲವಾಗಿತ್ತು: ಉತ್ತರ ಸರಿಯೋ ತಪ್ಪೋ ಎಂಬುದನ್ನು ಕೋಷ್ಟಕ ನೋಡಿದೊಡನೆ ಹೇಳಬಹುದಿತ್ತು. ಅಮೆರಿಕದಲ್ಲಿ ಅಲೊಂಜೊ ರೀಡ್ ಮತ್ತು ಬ್ರೈನರ್ಡ್ ಕೆಲಾಗ್ 1877ರ ತಮ್ಮ ಪಠ್ಯದಲ್ಲಿ ಇದನ್ನೇ ರೇಖಾಚಿತ್ರಗಳಾಗಿಸಿದರು. ಸಂಯೋಜಿತ ವಾಕ್ಯಕ್ಕೆ ಎರಡು ಸಮಾನ ಅಡ್ಡಗೆರೆಗಳು. ಮಿಶ್ರವಾಕ್ಯಕ್ಕೆ ಮುಖ್ಯ ಗೆರೆಯ ಕೆಳಗೆ ಚುಕ್ಕೆಗೆರೆಯಿಂದ ತೂಗುವ ಇನ್ನೊಂದು ಗೆರೆ. ಪಕ್ಕದಲ್ಲಿರುವುದು ಮತ್ತು ಅಧೀನವಾಗಿರುವುದು ಎಂಬ ಭೇದ ಕಣ್ಣಿಗೆ ಕಾಣುವ ಚಿತ್ರವಾಯಿತು.

5. ಬದಲಾದದ್ದು ಭಾಷೆಯೇ?

ಮರೆಗೂ ಮೊರೆಲ್‌ಗೂ ನಡುವಿನ ಐವತ್ತೇಳು ವರ್ಷಗಳಲ್ಲಿ ಇಂಗ್ಲಿಷ್ ಭಾಷೆಯೇ ಬದಲಾಗಿರಬಹುದಲ್ಲವೇ ಎಂಬ ಸಂದೇಹ ಏಳಬಹುದು. ಅಧೀನತೆಯ ವ್ಯವಸ್ಥೆ ಇಂಗ್ಲಿಷಿನಲ್ಲಿ ನಿಜವಾಗಿಯೂ ಬದಲಾಗಿದೆ. ಆದರೆ ಆ ಬದಲಾವಣೆ ಶತಮಾನಗಳಷ್ಟು ಹಿಂದಿನದು. ಪ್ರಾಚೀನ ಇಂಗ್ಲಿಷಿನಲ್ಲಿ 'ಥಾ' ಎಂಬ ಒಂದೇ ಪದ 'ಆಗ' ಎಂಬ ಅರ್ಥಕ್ಕೂ 'ಯಾವಾಗಲೋ ಆಗ' ಎಂಬ ಅರ್ಥಕ್ಕೂ ಬರುತ್ತಿತ್ತು. ಯಾವುದು ಪ್ರಧಾನ, ಯಾವುದು ಅಧೀನ ಎಂಬುದನ್ನು ತಿಳಿಯಲು ಕ್ರಿಯಾಪದದ ಸ್ಥಾನ ನೆರವಾಗುತ್ತಿತ್ತು: 'ಥಾ' ಆದಮೇಲೆ ಕೂಡಲೇ ಕ್ರಿಯಾಪದ ಬಂದರೆ ಸಾಮಾನ್ಯವಾಗಿ ಪ್ರಧಾನ, ಕೊನೆಗೆ ಸರಿದರೆ ಅಧೀನ. ಪದಕ್ರಮ ಬಿಗಿಯಾದಂತೆ ಈ ಉಪಾಯ ಬಿದ್ದುಹೋಗಿ, ಆ ಕೆಲಸವನ್ನು ಸಂಯೋಜಕ ಪದಗಳು ವಹಿಸಿಕೊಂಡವು. ಇಂದಿನ 'ದಟ್' ಎಂಬ ಸಂಯೋಜಕ ಮೂಲದಲ್ಲಿ 'ಅದು' ಎಂಬ ನಿರ್ದೇಶಕ ಸರ್ವನಾಮ. 'ಬಿಕಾಸ್' ಎಂಬುದು ಮಧ್ಯಕಾಲೀನ ಇಂಗ್ಲಿಷಿನಲ್ಲಿ 'ಬೈ' ಎಂಬ ಉಪಸರ್ಗವೂ ಫ್ರೆಂಚಿನಿಂದ ಬಂದ 'ಕಾರಣ' ಎಂಬರ್ಥದ ನಾಮಪದವೂ ಕೂಡಿ ಆದದ್ದು.

ಮರೆಯ ಕಾಲಕ್ಕೆ ಇವೆಲ್ಲವೂ ನೆಲೆಗೊಂಡಿದ್ದವು. ಎಂದರೆ, ಮೂರನೆಯ ಬಗೆಯನ್ನು ಕಾಣಲು ಬೇಕಾದ ಸಾಮಗ್ರಿ ಅವನ ಕಣ್ಣ ಮುಂದೆಯೇ ಇತ್ತು. 'ಫಾರ್' ಮತ್ತು 'ಬಿಕಾಸ್' ಎಂಬ ಎರಡು ಪದಗಳನ್ನು ಹೋಲಿಸಿ ನೋಡಬಹುದು. ಎರಡೂ ಕಾರಣವನ್ನು ಹೇಳುತ್ತವೆ. "ಬಿಕಾಸ್ ಹಿ ವಾಸ್ ಇಲ್, ಹಿ ಸ್ಟೇಡ್ ಅಟ್ ಹೋಮ್" (ಕಾಯಿಲೆಯಾಗಿದ್ದುದರಿಂದ ಅವನು ಮನೆಯಲ್ಲಿ ಉಳಿದನು) ಎಂದು ಉಪವಾಕ್ಯವನ್ನು ಮೊದಲಿಗೆ ತರಬಹುದು. ಅದೇ ಜಾಗದಲ್ಲಿ 'ಫಾರ್' ಇಟ್ಟು ವಾಕ್ಯವನ್ನು ಆರಂಭಿಸಲು ಬರುವುದಿಲ್ಲ. ಅದು ಎರಡು ಉಪವಾಕ್ಯಗಳ ನಡುವೆಯೇ ನಿಲ್ಲಬೇಕು. ಅರ್ಥ ಒಂದೇ ಆದರೂ ವರ್ತನೆ ಬೇರೆ. ಆದುದರಿಂದಲೇ ಶಾಲಾವ್ಯಾಕರಣ 'ಫಾರ್' ಇರುವ ವಾಕ್ಯವನ್ನು ಸಂಯೋಜಿತವೆಂದೂ 'ಬಿಕಾಸ್' ಇರುವುದನ್ನು ಮಿಶ್ರವೆಂದೂ ಎಣಿಸುತ್ತದೆ. ಸಂಯೋಜಿತ ಮಿಶ್ರ ಭೇದ ಅರ್ಥದ ಭೇದವಲ್ಲ, ರಚನೆಯ ಭೇದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 'ಮುಖ್ಯ ವಿಚಾರ ಪ್ರಧಾನ ವಾಕ್ಯದಲ್ಲಿರುತ್ತದೆ, ಅಮುಖ್ಯ ವಿಚಾರ ಅಧೀನ ವಾಕ್ಯದಲ್ಲಿರುತ್ತದೆ' ಎಂಬ ಜನಪ್ರಿಯ ವಿವರಣೆಯೂ ಈ ಕಾರಣದಿಂದಲೇ ನಿಲ್ಲುವುದಿಲ್ಲ. "ಐ ಥಿಂಕ್ ದಟ್ ದ ಹೌಸ್ ಈಸ್ ಆನ್ ಫೈರ್" (ಮನೆಗೆ ಬೆಂಕಿ ಬಿದ್ದಿದೆ ಎಂದು ತೋರುತ್ತದೆ) ಎಂದವನ ಮುಖ್ಯ ವಿಚಾರ ತನ್ನ ಅನಿಸಿಕೆಯಲ್ಲ, ಬೆಂಕಿ.

6. ಭಾರತಕ್ಕೆ ಬಂದದ್ದು, ಕನ್ನಡಕ್ಕೆ ಇಳಿದದ್ದು

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಮೊರೆಲನ ಪುಸ್ತಕ ಪ್ರಕಟವಾಗಿ ಆಗ ಐದೇ ವರ್ಷ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸಿನ ಅಧೀನದಲ್ಲಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರಗಳು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದವು. ಹೀಗೆ ಕನ್ನಡನಾಡಿನ ಬಹುಭಾಗ ಮೂರು ಬಗೆಗಳ ವಿಂಗಡಣೆ ಬೇರೂರುತ್ತಿದ್ದ ಕಾಲದಲ್ಲಿಯೇ ಇಂಗ್ಲಿಷ್ ಪರೀಕ್ಷೆಗಳ ವ್ಯವಸ್ಥೆಯೊಳಗೆ ಬಂದಿತು.

ಭಾರತದ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಜೆ.ಸಿ. ನೆಸ್‌ಫೀಲ್ಡ್ 1890ರ ದಶಕದಲ್ಲಿ ಹೊರತಂದ ವ್ಯಾಕರಣಮಾಲೆ ವಿಶ್ಲೇಷಣೆಯೊಡನೆ ಸಂಶ್ಲೇಷಣೆಯನ್ನೂ, ಎಂದರೆ ಬಿಡಿ ವಾಕ್ಯಗಳನ್ನು ಒಂದಾಗಿ ಜೋಡಿಸುವುದನ್ನೂ, ಅಭ್ಯಾಸವಾಗಿಸಿತು. 1935ರಲ್ಲಿ ಪಿ.ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ ಪುಸ್ತಕ ಬಂದಿತು. ರೆನ್ ಬೊಂಬಾಯಿ ಪ್ರಾಂತ್ಯದ ಶಿಕ್ಷಣ ಸೇವೆಯಲ್ಲಿದ್ದವನು, 'ಬ್ಯೂ ಜೆಸ್ಟ್' ಕಾದಂಬರಿಯ ಕರ್ತೃ. ಒಂದು ಬಗೆಯ ವಾಕ್ಯವನ್ನು ಇನ್ನೊಂದು ಬಗೆಗೆ ಪರಿವರ್ತಿಸುವ ಅಭ್ಯಾಸಗಳು ಆ ಪುಸ್ತಕದ ಮೂಲಕ ನಮ್ಮ ಪ್ರಶ್ನಪತ್ರಿಕೆಗಳ ಸ್ಥಿರ ಅಂಶವಾದವು. ಇಂಗ್ಲೆಂಡಿನ ಶಾಲೆಗಳಲ್ಲಿ ವ್ಯಾಕರಣದ ಪಾಠ ಸಡಿಲವಾದ ಮೇಲೂ ಭಾರತದಲ್ಲಿ ಈ ಅಭ್ಯಾಸ ಗಟ್ಟಿಯಾಗಿ ಉಳಿಯಿತು.

ಕನ್ನಡ ವ್ಯಾಕರಣವು ಈ ವಿಂಗಡಣೆಯನ್ನು ಸ್ವೀಕರಿಸಿದ ಬಗೆ ಕುತೂಹಲಕರವಾದುದು. ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳಿವೆ. ವಾಕ್ಯಕ್ಕೆಂದು ಪ್ರತ್ಯೇಕ ಪ್ರಕರಣವಿಲ್ಲ. ಹೊಸಗನ್ನಡದ ಶಾಲಾವ್ಯಾಕರಣಗಳು ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರವಾಕ್ಯ ಎಂದು ಮೂರು ಬಗೆಗಳನ್ನು ಹೇಳಿದಾಗ ಆ ತೆರಪನ್ನು ಇಂಗ್ಲಿಷಿನ ಮಾದರಿ ತುಂಬಿತು. ಹೆಸರುಗಳು ಸಂಸ್ಕೃತದವು, ಲಕ್ಷಣಗಳು ಇಂಗ್ಲಿಷಿನವು.

ವಾಕ್ಯದ ಬಗೆಗೆ ಭಾರತೀಯ ಪರಂಪರೆ ಮೌನವಾಗಿತ್ತು ಎಂದು ಇದರ ಅರ್ಥವಲ್ಲ. ಒಂದು ತಿಙಂತ, ಎಂದರೆ ಒಂದು ಪೂರ್ಣಕ್ರಿಯಾಪದ, ಇರುವುದು ವಾಕ್ಯ ಎಂಬ ಲಕ್ಷಣವನ್ನು ಪಾಣಿನಿಯ ವಾರ್ತಿಕಕಾರನಾದ ಕಾತ್ಯಾಯನನು ಹೇಳಿದ್ದನು. ಅರ್ಥದ ಏಕತೆಯೇ ವಾಕ್ಯದ ಏಕತೆ ಎಂದು ಮೀಮಾಂಸಕರು ವಾದಿಸಿದ್ದರು. ಒಂದು ಲಕ್ಷಣ ರೂಪವನ್ನು ನೋಡುತ್ತದೆ, ಇನ್ನೊಂದು ಒಟ್ಟಿನ ತಾತ್ಪರ್ಯವನ್ನು. ಇಂಗ್ಲಿಷಿನ ಮೂರು ಬಗೆಗಳ ಪದ್ಧತಿ ಈ ಎರಡನ್ನೂ ಬೆರೆಸಿಕೊಂಡಿದೆ: ಉಪವಾಕ್ಯಗಳನ್ನು ಎಣಿಸುವಾಗ ಅದು ಕಾತ್ಯಾಯನನಂತೆ ಕ್ರಿಯಾಪದವನ್ನು ನೋಡುತ್ತದೆ, ಹಲವು ಉಪವಾಕ್ಯಗಳನ್ನು ಒಂದೇ ವಾಕ್ಯವೆನ್ನುವಾಗ ಮೀಮಾಂಸಕರಂತೆ ಇಡಿಯನ್ನು ನೋಡುತ್ತದೆ.

7. ಕನ್ನಡಿಗ ವಿದ್ಯಾರ್ಥಿಯ ಕಷ್ಟ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. "ಮಳೆ ನಿಂತ ಮೇಲೆ ನಾವು ಮನೆಗೆ ಹೋದೆವು" ಎಂಬ ಕನ್ನಡ ವಾಕ್ಯದಲ್ಲಿ ಪೂರ್ಣಕ್ರಿಯಾಪದ ಒಂದೇ: 'ಹೋದೆವು'. 'ನಿಂತ' ಎಂಬುದು ಕೃದಂತ. ಇಂಗ್ಲಿಷಿನಲ್ಲಿ "ಆಫ್ಟರ್ ದ ರೇನ್ ಸ್ಟಾಪ್ಡ್, ವಿ ವೆಂಟ್ ಹೋಮ್" ಎಂದಾಗ ಎರಡು ಪೂರ್ಣಕ್ರಿಯಾಪದಗಳು ಬರುತ್ತವೆ. "ನಿನ್ನೆ ಬಂದವರು ನಮ್ಮ ಮಾವ" ಎಂಬುದಕ್ಕೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಹೂ' ಇರುವ ವಿಶೇಷಣ ಉಪವಾಕ್ಯ ಬೇಕು. "ನೀವು ಹೇಳಿದ್ದು ನಿಜ" ಎಂಬುದಕ್ಕೆ 'ವಾಟ್' ಇರುವ ನಾಮ ಉಪವಾಕ್ಯ ಬೇಕು. "ಅವನು ಬಂದು, ಊಟ ಮಾಡಿ, ಮಲಗಿದನು" ಎಂಬುದಕ್ಕೆ 'ಅಂಡ್' ಸೇರಿಸಿದ ಮೂರು ಪೂರ್ಣಕ್ರಿಯಾಪದಗಳು ಸಹಜವಾಗಿ ಬರುತ್ತವೆ. ಇಂಗ್ಲಿಷು ಅಧೀನ ಉಪವಾಕ್ಯದಿಂದ ಒಂದು ಕಡೆ, ಸಮಾನ ಜೋಡಣೆಯಿಂದ ಇನ್ನೊಂದು ಕಡೆ ಮಾಡುವ ಕೆಲಸಗಳನ್ನು ಕನ್ನಡ ಬಹುಮಟ್ಟಿಗೆ ಕೃದಂತಗಳಿಂದಲೇ ಮಾಡಿ ಮುಗಿಸುತ್ತದೆ.

ಕನ್ನಡದಲ್ಲಿ ಪೂರ್ಣಕ್ರಿಯಾಪದವುಳ್ಳ ಅಧೀನ ಉಪವಾಕ್ಯಗಳೇ ಇಲ್ಲವೆಂದಲ್ಲ. "ಅವನು ಬರುತ್ತಾನೆ ಎಂದು ಅವಳು ಹೇಳಿದಳು" ಎಂಬಲ್ಲಿ 'ಎಂದು' ಎಂಬುದರ ಮೊದಲು ಪೂರ್ಣಕ್ರಿಯಾಪದವಿದೆ. "ಯಾರು ದುಡಿಯುತ್ತಾರೋ ಅವರು ಉಣ್ಣುತ್ತಾರೆ" ಎಂಬಲ್ಲಿಯೂ ಇದೆ. ಶಾಲಾವ್ಯಾಕರಣದ ಮಿಶ್ರವಾಕ್ಯದ ಲಕ್ಷಣ ಇವುಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಕನ್ನಡದ ದಿನಬಳಕೆಯ ಬಹುತೇಕ ದೀರ್ಘವಾಕ್ಯಗಳು ಈ ಲಕ್ಷಣದ ಹೊರಗೆ ಉಳಿಯುತ್ತವೆ.

ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಿಗೆ ಈ ಭೇದ ತಿಳಿದಿತ್ತು. ದ್ರಾವಿಡ ಭಾಷೆಗಳಲ್ಲಿ ಸಂಬಂಧಾರ್ಥಕ ಸರ್ವನಾಮವಿಲ್ಲ, ಅದರ ಕೆಲಸವನ್ನು ಕೃದಂತ ಮಾಡುತ್ತದೆ ಎಂಬುದನ್ನು ರಾಬರ್ಟ್ ಕಾಲ್ಡ್ವೆಲ್ 1856ರ ತನ್ನ ತೌಲನಿಕ ವ್ಯಾಕರಣದಲ್ಲಿ ವಿವರಿಸಿದನು. 1903ರ ಕಿಟ್ಟೆಲ್ ವ್ಯಾಕರಣವೂ 'ಬಂದ', 'ಮಾಡುವ' ಮೊದಲಾದ ರೂಪಗಳನ್ನು 'ರಿಲೇಟಿವ್ ಪಾರ್ಟಿಸಿಪಲ್' ಎಂದೇ ಕರೆಯಿತು. ಆ ರೂಪದೊಳಗೆ ಸಂಬಂಧಾರ್ಥಕ ಸರ್ವನಾಮದ ಸುಳಿವೂ ಇಲ್ಲ. ಇಂಗ್ಲಿಷಿಗೆ ಅನುವಾದಿಸುವಾಗ 'ಹೂ', 'ವಿಚ್' ಬರುತ್ತವೆ ಎಂಬುದೇ ಆ ಹೆಸರಿಗೆ ಆಧಾರ. ಕನ್ನಡದ ರೂಪಕ್ಕೆ ಅದರ ಇಂಗ್ಲಿಷ್ ಅನುವಾದದ ಹೆಸರು ಅಂಟಿಕೊಂಡಿತು.

ತರಗತಿಯಲ್ಲಿ ಇದರ ಫಲವನ್ನು ಶಿಕ್ಷಕರು ನೋಡುತ್ತಲೇ ಇರುತ್ತಾರೆ. "ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್" ಎಂದು ಬರೆಯುವ ವಿದ್ಯಾರ್ಥಿಗೆ ವಿರೋಧದ ಅರ್ಥ ತಿಳಿದಿದೆ. 'ಮಳೆ ಬರುತ್ತಿದ್ದರೂ' ಎಂಬುದರ ಸಮಾನಪದವೂ ತಿಳಿದಿದೆ. ತಿಳಿಯದಿರುವುದು ಒಂದೇ: 'ಆಲ್ದೋ' ಎಂದೊಡನೆ ಆ ಉಪವಾಕ್ಯ ಅಧೀನವಾಯಿತು, 'ಬಟ್' ಎಂದೊಡನೆ ಅದು ಮತ್ತೆ ಸಮಾನವಾಗಲು ಹೊರಟಿತು, ಒಂದೇ ಉಪವಾಕ್ಯ ಏಕಕಾಲಕ್ಕೆ ಎರಡು ಸ್ಥಾನಗಳಲ್ಲಿ ಕೂರಲಾರದು ಎಂಬುದು. ನಾವು ಅವನಿಗೆ ಸಂಯೋಜಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತೇವೆ. ಆ ಪಟ್ಟಿ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಹೇಳುವುದಿಲ್ಲ.

8. ಇಪ್ಪತ್ತನೆಯ ಶತಮಾನದ ಮರುವಿಚಾರ

ಮೂರು ಬಗೆಗಳ ಪದ್ಧತಿ ಶಾಲೆಗಳಲ್ಲಿ ಗಟ್ಟಿಯಾಗುತ್ತಿದ್ದಾಗಲೇ ವಿದ್ವಾಂಸರು ಅದರ ಬಿರುಕುಗಳನ್ನು ತೋರಿಸತೊಡಗಿದ್ದರು. ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ 1924ರ ತನ್ನ 'ಫಿಲಾಸಫಿ ಆಫ್ ಗ್ರಾಮರ್' ಗ್ರಂಥದಲ್ಲಿ ಪ್ರಧಾನ ಉಪವಾಕ್ಯ ಎಂಬ ಪರಿಕಲ್ಪನೆಯ ಅಗತ್ಯವನ್ನೇ ಪ್ರಶ್ನಿಸಿದನು. "ವಾಟ್ ಯು ಸೇ ಈಸ್ ಟ್ರೂ" ಎಂಬಂಥ ವಾಕ್ಯದಿಂದ ಅಧೀನ ಉಪವಾಕ್ಯವನ್ನು ತೆಗೆದರೆ ಉಳಿಯುವುದು "ಈಸ್ ಟ್ರೂ" ಮಾತ್ರ. ಈ ಮುರುಕನ್ನು ಪ್ರಧಾನ ವಾಕ್ಯವೆನ್ನುವುದು ಹೇಗೆ? ಅಧೀನ ಉಪವಾಕ್ಯ ಪ್ರಧಾನ ವಾಕ್ಯದ ಪಕ್ಕದಲ್ಲಿ ಇಲ್ಲ, ಅದರ ಹೊಟ್ಟೆಯೊಳಗೇ ಇದೆ. ಬೆಕರನ ತತ್ತ್ವವನ್ನು ಕೊನೆಯವರೆಗೆ ಒಯ್ದರೆ ಸಿಗುವ ತೀರ್ಮಾನವೇ ಇದು.

ಇನ್ನೊಂದು ಬಿರುಕು ಪೂರ್ಣಕ್ರಿಯಾಪದದ ನಿಯಮದಲ್ಲಿದೆ. "ಹ್ಯಾವಿಂಗ್ ಫಿನಿಶ್ಡ್ ಹಿಸ್ ವರ್ಕ್, ಹಿ ವೆಂಟ್ ಹೋಮ್" (ಕೆಲಸ ಮುಗಿಸಿ ಅವನು ಮನೆಗೆ ಹೋದನು) ಎಂಬುದು ರೆನ್ ಮತ್ತು ಮಾರ್ಟಿನ್ ಪದ್ಧತಿಯಲ್ಲಿ ಸರಳವಾಕ್ಯ. ಪೂರ್ಣಕ್ರಿಯಾಪದ ಒಂದೇ ಇದೆ. 1985ರಲ್ಲಿ ರ್‍ಯಾಂಡಾಲ್ಫ್ ಕ್ವರ್ಕ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಬೃಹದ್ ವ್ಯಾಕರಣದ ಪ್ರಕಾರ ಇದು ಮಿಶ್ರವಾಕ್ಯ. ಅಪೂರ್ಣಕ್ರಿಯೆಯುಳ್ಳ ಭಾಗವನ್ನೂ ಆ ಗ್ರಂಥ ಉಪವಾಕ್ಯವೆಂದೇ ಪರಿಗಣಿಸುತ್ತದೆ. ಏಕೆಂದರೆ ಅದಕ್ಕೂ ಕರ್ಮವಿದೆ, ಕ್ರಿಯಾವಿಶೇಷಣಗಳಿವೆ, ತನ್ನದೇ ಆದ ಒಳರಚನೆಯಿದೆ.

ಈ ಎರಡನೆಯ ತಿದ್ದುಪಡಿ ಕನ್ನಡಕ್ಕೆ ಬಹಳ ಮುಖ್ಯವಾದುದು. ಅಪೂರ್ಣಕ್ರಿಯೆಯೂ ಉಪವಾಕ್ಯವನ್ನು ಕಟ್ಟಬಲ್ಲದು ಎಂದು ಒಪ್ಪಿದ ಕೂಡಲೇ "ಮಳೆ ನಿಂತ ಮೇಲೆ", "ಮಳೆ ಬಂದರೆ", "ನಿನ್ನೆ ಬಂದವರು" ಎಂಬವೂ ಉಪವಾಕ್ಯಗಳಾಗುತ್ತವೆ. ಕೃದಂತಗಳಿಗೆ ತಮ್ಮದೇ ಆದ ಕರ್ತೃ ಕರ್ಮಗಳಿವೆ. 'ಮಳೆ ನಿಂತ' ಎಂಬಲ್ಲಿ ಮಳೆಯೇ ಕರ್ತೃ. ಸರಳವಾಕ್ಯದ ಲೆಕ್ಕಕ್ಕೆ ಬಿದ್ದಿದ್ದ ಕನ್ನಡದ ದೀರ್ಘವಾಕ್ಯಗಳ ಸಂಕೀರ್ಣ ರಚನೆ ಆಗ ಕಾಣಿಸತೊಡಗುತ್ತದೆ. ಕನ್ನಡಕ್ಕೆ ಅದರದೇ ಆದ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ಒತ್ತಿ ಹೇಳಿದ್ದರ ಹಿಂದಿನ ತಥ್ಯ ವಾಕ್ಯದ ಮಟ್ಟದಲ್ಲಿಯೂ ಇಷ್ಟೇ ಸ್ಪಷ್ಟವಾಗಿದೆ.

9. ಉಪಸಂಹಾರ

ಸಂಯೋಜಿತ ಮತ್ತು ಮಿಶ್ರ ಎಂಬ ಭೇದ ಸುಳ್ಳಲ್ಲ. 'ಫಾರ್' ಮತ್ತು 'ಬಿಕಾಸ್' ಬೇರೆಬೇರೆಯಾಗಿ ವರ್ತಿಸುತ್ತವೆ ಎಂಬುದು ಭಾಷೆಯ ಸತ್ಯ. ಆದರೆ ಈ ಭೇದವನ್ನು ಗುರುತಿಸುವ ಅಳತೆಗೋಲು ಮೂರು ಸಲ ಬದಲಾಗಿದೆ: ಮರೆಯ ಕಾಲದಲ್ಲಿ ಪೂರ್ಣಕ್ರಿಯಾಪದಗಳ ಎಣಿಕೆ, ಮೊರೆಲನ ಕಾಲದಲ್ಲಿ ಎಣಿಕೆಯೊಡನೆ ಉಪವಾಕ್ಯದ ಸ್ಥಾನ, ಕ್ವರ್ಕ್ ಅವರ ಕಾಲದಲ್ಲಿ ಅಪೂರ್ಣಕ್ರಿಯೆಗಳನ್ನೂ ಒಳಗೊಂಡ ಸ್ಥಾನವಿಚಾರ. ನಮ್ಮ ಪಠ್ಯಪುಸ್ತಕಗಳು ಎರಡನೆಯ ಘಟ್ಟದಲ್ಲಿ ನಿಂತಿವೆ. ಲಕ್ಷಣವನ್ನು ಹೇಳುವಾಗ ಮಾತ್ರ 'ಮುಖ್ಯ ವಿಚಾರ', 'ಪೂರ್ಣ ಅಭಿಪ್ರಾಯ' ಎಂಬ ಅರ್ಥದ ಭಾಷೆಯನ್ನು ಬಳಸುತ್ತವೆ. ವಿದ್ಯಾರ್ಥಿಯ ಗೊಂದಲಕ್ಕೆ ಈ ಬೆರಕೆಯೂ ಒಂದು ಕಾರಣ.

ಆದುದರಿಂದ ಬೋಧನೆಯಲ್ಲಿ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದು ಉಚಿತವೆಂದು ನಾವು ಭಾವಿಸುತ್ತೇವೆ. ಈ ವಾಕ್ಯದಲ್ಲಿ ಪೂರ್ಣಕ್ರಿಯಾಪದಗಳು ಎಷ್ಟು? ಒಂದಕ್ಕಿಂತ ಹೆಚ್ಚಿದ್ದರೆ, ಯಾವುದಾದರೂ ಉಪವಾಕ್ಯವನ್ನು ಎತ್ತಿ ಅದರ ಜಾಗದಲ್ಲಿ ಒಂದೇ ಪದವನ್ನು ಇಡಬಹುದೇ, ಅಥವಾ ಅದನ್ನು ವಾಕ್ಯದ ಮೊದಲಿಗೆ ಸರಿಸಬಹುದೇ? ಇದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ಆ ಜಾಗದಲ್ಲಿ ಯಾವ ಕೃದಂತ ಬರುತ್ತದೆ? ಮೊದಲ ಪ್ರಶ್ನೆ ಸರಳವಾಕ್ಯವನ್ನು ಬೇರ್ಪಡಿಸುತ್ತದೆ, ಎರಡನೆಯದು ಮಿಶ್ರವನ್ನು ಸಂಯೋಜಿತದಿಂದ ಬೇರ್ಪಡಿಸುತ್ತದೆ, ಮೂರನೆಯದು ಇಂಗ್ಲಿಷಿಗೂ ಕನ್ನಡಕ್ಕೂ ಇರುವ ಅಂತರವನ್ನು ಅಳೆಯುತ್ತದೆ. ಮೂರನೆಯ ಪ್ರಶ್ನೆಯನ್ನು ಬೆಕರನೂ ಮೊರೆಲನೂ ಕೇಳಬೇಕಾಗಿರಲಿಲ್ಲ. ಅವರ ಮುಂದೆ ಕುಳಿತಿದ್ದ ಮಕ್ಕಳ ಮಾತೃಭಾಷೆಗಳು ಅಧೀನ ಉಪವಾಕ್ಯದಲ್ಲಿಯೂ ಪೂರ್ಣಕ್ರಿಯಾಪದವನ್ನು ಸಹಜವಾಗಿ ಬಳಸುವಂಥವು. ನಮ್ಮ ತರಗತಿಗಳಲ್ಲಿ ಅದನ್ನು ಕೇಳದೆ ವಿಧಿಯಿಲ್ಲ.